ಮಿರ್ತೊ ಅಜ್ಜಿಯ ಹಿಟ್ಟಿನ ಹೋರಿ

ಬನ್ನಿ, ಹತ್ತಿರ ಕೂತ್ಕೊಳ್ಳಿ. ಬಲೆ ಆಮೇಲೆ ಹೆಣೆದರಾಯ್ತು, ಅದೇನು ಓಡಿಹೋಗಲ್ಲ. ಬಹಳ ಹಿಂದೆ, ನನ್ನ ಮುತ್ತಜ್ಜನ ಮುತ್ತಜ್ಜ ಕೂಡ ಹುಟ್ಟೋಕೆ ಮುಂಚೆ, ಗ್ರೀಕರ ಕಡಲಿನ ನಡುವಿನ ನಮ್ಮ ಇದೇ ಊರಲ್ಲಿ ಮಿರ್ತೊ ಅಂತ ಒಬ್ಬ ಅಜ್ಜಿ ಇದ್ದಳಂತೆ. ಗಂಡ ಇಲ್ಲ, ಮಕ್ಕಳಿಲ್ಲ. ಇದ್ದದ್ದು ಕಲ್ಲುಕಲ್ಲಾದ ಒಂದು ತುಂಡು ಹೊಲ, ಒಂದು ಒಲೆ, ಒಂದು ಕರೀ ಹೋರಿ. ಹೋರಿಯನ್ನ ಅವಳು ಕರಿಯ ಅಂತ ಕರೀತಿದ್ದಳು. ತಾಯಿ ಸತ್ತ ಕರುವನ್ನ ತಂದು, ಬಾರ್ಲಿ ಗಂಜಿ ಕುಡಿಸಿ ಸಾಕಿದ್ದಳು. ಹೊಲ ಉಳೋವಾಗ ಒಂದು ಕಡೆ ಕರಿಯ, ಇನ್ನೊಂದು ಕಡೆ ಪಕ್ಕದ ಮನೆ ಕತ್ತೆ. ನಗಬೇಡ್ರೋ, ಅವಳ ರೊಟ್ಟಿ ಬರ್ತಿದ್ದದ್ದು ಆ ನೇಗಿಲಿನಿಂದಲೇ.

ಮಧ್ಯಾಹ್ನದ ಬಿಸಿಲಿಗೆ ಉಳುಮೆ ನಿಲ್ಲಿಸಿದ ಮೇಲೆ ಅಜ್ಜಿ ಒಂದು ಕೊಡ ತಣ್ಣೀರನ್ನ ಕರಿಯನ ಕೊಂಬಿನ ನಡುವೆ ಸುರೀತಿದ್ದಳಂತೆ. ದಿನಾ. ಅದು ಕಣ್ಣು ಮುಚ್ಚಿಕೊಂಡು ಕಲ್ಲಿನ ಹಾಗೆ ನಿಂತಿರ್ತಿತ್ತಂತೆ, ಅಷ್ಟು ಹಿತ ಅದಕ್ಕೆ.

ಒಂದು ವರ್ಷ ಕಡಲು ಕೆಟ್ಟುಹೋಯ್ತು. ಗಾಳಿ ಅಂದ್ರೆ ಗಾಳಿ! ದೋಣಿ ನೀರಿಗಿಳಿಸೋ ಹಾಗೇ ಇಲ್ಲ. ಊರಿನ ಮಕ್ಕಳು ಮೀನಿನ ವಾಸನೆ ಮರೆತೇಬಿಟ್ಟರಂತೆ. ಕಡಲಿನ ಒಡೆಯ ಪೊಸೈಡನ್ ಮುನಿಸಿಕೊಂಡಿದ್ದಾನೆ, ಅವನಿಗೆ ಕರೀ ಹೋರಿಯೇ ಆಗಬೇಕು ಅಂದ ಪೂಜಾರಿ ಯೂಮೆಡೀಸ್. ಊರಲ್ಲಿ ಕರೀ ಹೋರಿ ಇದ್ದದ್ದು ಒಂದೇ.

ಊರ ಯಜಮಾನ ಲೈಕೋನನಿಗಂತೂ ಬಾಯಲ್ಲಿ ನೀರು. ನಿಮಗೆ ಗೊತ್ತಲ್ಲ, ಬಲಿಯಲ್ಲಿ ದೇವರಿಗೆ ಹೋಗೋದು ಮೂಳೆ, ಕೊಬ್ಬು, ಹೊಗೆ. ಮಾಂಸ ಮಾತ್ರ ನಮ್ಮಂಥವರಿಗೆ. ನಮ್ಮ ದೇವರುಗಳು ಭಾರಿ ಒಳ್ಳೆಯವರಪ್ಪಾ! ಲೈಕೋನ್ ಅಜ್ಜಿಯ ಮನೆಗೆ ಬಂದು, ದೇವರ ಕೆಲಸ, ಇಲ್ಲ ಅನ್ನಬಾರದು ಅಂದನಂತೆ.

ಅಜ್ಜಿಗೆ ಎದೆ ಒಡೆದುಹೋಯ್ತು. ಕೊಡಲ್ಲ ಅಂದರೆ ದೇವರ ಶಾಪ, ಊರಿನ ಹಸಿವು. ಕೊಟ್ಟರೆ ಕರಿಯ ಇಲ್ಲ, ಬಿತ್ತನೆ ಇಲ್ಲ, ಮುಂದಿನ ವರ್ಷ ರೊಟ್ಟಿಯೂ ಇಲ್ಲ. ಹೋರಿಯ ಕುತ್ತಿಗೆ ತಬ್ಬಿಕೊಂಡು ಅತ್ತಳಂತೆ. ಅತ್ತು ಮುಗಿಸಿ, ಕೊಂಬಿಗೆ ಹೂವಿನ ಮಾಲೆ ಸುತ್ತಿ, ತಾನೇ ಹಗ್ಗ ಹಿಡಿದು ಸಮುದ್ರದ ದಂಡೆಗೆ ಕರೆದುಕೊಂಡು ಹೋದಳು.

ಬಲಿಗೊಂದು ಕಟ್ಟಳೆ ಇತ್ತು. ಒಲ್ಲದ ಪ್ರಾಣಿಯನ್ನ ದೇವರು ಮುಟ್ಟಲ್ಲ. ಅದಕ್ಕೇ ಪೂಜಾರಿ ತಲೆಯ ಮೇಲೆ ತಣ್ಣೀರು ಚಿಮುಕಿಸ್ತಾನೆ. ಬೆಚ್ಚಿದ ಪ್ರಾಣಿ ತಲೆ ತಗ್ಗಿಸ್ತದೆ. ಆಗ ಎಲ್ಲರೂ, ಒಪ್ಪಿತು ಒಪ್ಪಿತು ಅಂತ ಕೂಗ್ತಾರೆ. ಯಾವ ಕುರಿಯೂ, ಯಾವ ಹಂದಿಯೂ ಅಲ್ಲಿಯವರೆಗೆ ಒಪ್ಪದೆ ಇದ್ದದ್ದೇ ಇಲ್ಲವಂತೆ.

ಯೂಮೆಡೀಸ್ ನೀರು ಚಿಮುಕಿಸಿದ. ಕರಿಯ ಕಣ್ಣು ಮುಚ್ಚಿಕೊಂಡಿತು. ಬೊಗಸೆ ತುಂಬ ಹಾಕಿದ. ಅಲ್ಲಾಡಲಿಲ್ಲ. ಲೈಕೋನ್ ಸಿಟ್ಟಿಗೆದ್ದು ಕೊಡವನ್ನೇ ಕಿತ್ತುಕೊಂಡು ಸುರಿದ. ಅಯ್ಯೋ, ಹೋರಿ ಮುಖ ಇನ್ನೂ ಮೇಲೆತ್ತಿ ನಿಂತಿತು, ಇನ್ನೊಂದು ಕೊಡ ತನ್ನಿ ಅನ್ನೋ ಹಾಗೆ! ಮಕ್ಕಳು ಬಿದ್ದು ಬಿದ್ದು ನಕ್ಕರಂತೆ. ಅಜ್ಜಿ ಮಾತ್ರ ಸೆರಗು ಬಾಯಿಗೆ ಒತ್ತಿಕೊಂಡಿದ್ದಳು. ಅಳುತ್ತಿದ್ದಳೋ ನಗುತ್ತಿದ್ದಳೋ, ಅದನ್ನ ಯಾರೂ ಹೇಳಲ್ಲ.

ಪೂಜಾರಿ ಕತ್ತಿ ಕೆಳಗಿಟ್ಟ. ಒಪ್ಪಿಗೆ ಇಲ್ಲ ಅಂದ ಮೇಲೆ ಇಲ್ಲ. ಲೈಕೋನ್ ಸುಮ್ಮನಿರ್ತಾನಾ? ನಾಳೆ ಮತ್ತೆ ನೋಡೋಣ, ನಾಡಿದ್ದೂ ನೋಡೋಣ, ಒಂದಲ್ಲ ಒಂದು ದಿನ ತಗ್ಗಿಸಲೇಬೇಕು ಅಂತ ಗುಡುಗಿದನಂತೆ.

ಅಜ್ಜಿ ಮನೆಗೆ ಬಂದಳು. ಕರಿಯ ಉಳಿದ ಸಂತೋಷ ಒಂದು ಕಡೆ, ದಂಡೆಯಲ್ಲಿ ನಕ್ಕ ಆ ಮಕ್ಕಳ ಸೊರಗಿದ ಮುಖ ಇನ್ನೊಂದು ಕಡೆ. ದೇವರಿಗೆ ಏನೂ ಕೊಡದೆ ಇರೋಕೆ ಅವಳಿಗೂ ಮನಸ್ಸು ಒಪ್ಪಲಿಲ್ಲ. ಮಡಕೆಯ ತಳ ಕೆರೆದು ಇದ್ದ ಹಿಟ್ಟನ್ನೆಲ್ಲ ತೆಗೆದಳು. ಜೇನು ಬೆರೆಸಿ ನಾದಿ ಹೋರಿ ಮಾಡಿದಳು. ಕಾಲಾಯ್ತು, ಹೊಟ್ಟೆಯಾಯ್ತು, ಕೊಂಬಿನ ತಲೆಯಾಯ್ತು. ಕುತ್ತಿಗೆಗೆ ಬರೋ ಹೊತ್ತಿಗೆ ಹಿಟ್ಟು ಮುಗಿದೇ ಹೋಯ್ತು. ಹೇಗೋ ಎಳೆದು ಕಡ್ಡಿಯಷ್ಟು ಸಣ್ಣ ಕುತ್ತಿಗೆ ಅಂಟಿಸಿದಳು. ಕಪ್ಪಾಗಲಿ ಅಂತ ಮೇಲೆ ದ್ರಾಕ್ಷಿ ಪಾಕ ಬಳಿದಳು. ಒಲೆಯ ದೇವಿ ಹೆಸ್ಟಿಯಾಗೆ ಕೈಮುಗಿದು, ಅವಸರದಲ್ಲಿ ಅರೆಬರೆ ಸುಟ್ಟಳು.

ಮಾರನೆಯ ಬೆಳಿಗ್ಗೆ ಅದನ್ನ ಮರದ ಹಲಗೆಯ ಮೇಲಿಟ್ಟುಕೊಂಡು ದಂಡೆಗೆ ಹೋದಳು. ಸ್ವಾಮೀ, ನನ್ನ ಹತ್ತಿರ ಇರೋದು ಇಷ್ಟೇ, ಕೇಳಿದ ಬಣ್ಣದ್ದನ್ನೇ ತಂದಿದ್ದೀನಿ ಅಂದಳಂತೆ ಕಡಲಿಗೆ.

ಲೈಕೋನ್ ಹೊಟ್ಟೆ ಹಿಡಿದುಕೊಂಡು ನಕ್ಕ. "ಹಾಗಾದ್ರೆ ಇದರ ಒಪ್ಪಿಗೆಯನ್ನೂ ಕೇಳಿ ಪೂಜಾರಪ್ಪಾ!" ಅಂದ.

ಕಟ್ಟಳೆ ಅಂದ್ರೆ ಕಟ್ಟಳೆ. ಯೂಮೆಡೀಸ್ ಹಿಟ್ಟಿನ ಹೋರಿಯ ತಲೆಯ ಮೇಲೆ ನೀರು ಚಿಮುಕಿಸಿದ. ಏನೂ ಆಗಲಿಲ್ಲ. ಇನ್ನಷ್ಟು ಹಾಕಿದ. ಊರಿಗೆ ಊರೇ ಹಲಗೆಯ ಸುತ್ತ ಬಗ್ಗಿ ನೋಡ್ತಿತ್ತಂತೆ. ಆಗ ಆ ಸಣ್ಣ ಕುತ್ತಿಗೆ ನೆನೆಯಿತು, ಮೆತ್ತಗಾಯಿತು, ಹೋರಿ ಮೆಲ್ಲಗೆ, ಬಲು ಮೆಲ್ಲಗೆ ತಲೆ ತಗ್ಗಿಸಿತು.

"ಒಪ್ಪಿತು!" ಅಂತ ಮೊದಲು ಕೂಗಿದ್ದು ಮಕ್ಕಳು. ಆಮೇಲೆ ಎಲ್ಲರೂ. ಲೈಕೋನನೂ ಕೂಗಿದನಂತೆ, ಪಾಪ, ಇನ್ನೇನು ಮಾಡ್ತಾನೆ. ತಲೆಯನ್ನ ಕಡಲಿಗೆ ಕೊಟ್ಟರು, ಉಳಿದದ್ದನ್ನ ಹಂಚಿ ತಿಂದರು. ಸಂಜೆಗೆ ಗಾಳಿ ನಿಂತಿತು ಅಂತಾರೆ. ನಿಲ್ಲೋ ಕಾಲ ಬಂದಿತ್ತು ಅಂತಲೂ ಕೆಲವರು ಅಂತಾರೆ. ಅವರ ಮಾತು ಬಿಡಿ, ಜೇನುರೊಟ್ಟಿಯಲ್ಲಿ ಮಾತ್ರ ಮೊದಲ ಪಾಲು ಅವರಿಗೇ ಬೇಕು.

ಅವತ್ತಿನಿಂದ ನಮ್ಮೂರಲ್ಲಿ ದೋಣಿ ಇಳಿಸೋ ಮುಂಚೆ ಪ್ರತಿ ಮನೆಯಲ್ಲೂ ಹಿಟ್ಟಿನ ಹೋರಿ ಮಾಡ್ತಾರೆ. ಮಡಕೆ ತುಂಬ ಹಿಟ್ಟಿದ್ದರೂ ಕುತ್ತಿಗೆ ಸಣ್ಣದೇ ಇರಬೇಕು. ಅದು ತಲೆ ತಗ್ಗಿಸಿದ ಮೇಲೆ ಕೊಡದಲ್ಲಿ ಉಳಿದ ನೀರನ್ನ ಯಾರೂ ಚೆಲ್ಲಲ್ಲ. ಕೊಟ್ಟಿಗೆಗೆ ಹೋಗಿ ಜೀವಂತ ಹೋರಿಯ ಕೊಂಬಿನ ನಡುವೆ ಸುರೀತಾರೆ. ಅದು ಕಣ್ಣು ಮುಚ್ಚಿಕೊಂಡು ನಿಲ್ಲುತ್ತದೆ. ಅದರ ಒಪ್ಪಿಗೆಯನ್ನ ಯಾರೂ ಕೇಳೋದಿಲ್ಲ, ಹಿತವಾಯಿತೇನೋ ಕರಿಯ ಅಂತ ಮಾತ್ರ ಕೇಳ್ತಾರೆ.