ಬೆಲ್‌ವೆದರ್ ಕೊರಳಿನ ಗಂಟೆ

"ಅಜ್ಜಾ, ಬೆಲ್‌ವೆದರ್ ಎಂದರೇನು?" ಎಂದು ಮಾಳಿಂಗ ಕೇಳಿದ.

ನನ್ನ ಬಳಿ ಡೊಳ್ಳು ಕಲಿಯುವವರಲ್ಲಿ ಅವನದೇ ಗಟ್ಟಿ ಕೈ. ಪೇಟೆಯ ಸ್ಪರ್ಧೆಯಲ್ಲಿ ತೀರ್ಪುಗಾರರೊಬ್ಬರು ಬೆನ್ನು ತಟ್ಟಿ, "ನೀನೇ ಈ ಮೇಳದ ಬೆಲ್‌ವೆದರ್" ಎಂದಿದ್ದರಂತೆ.

"ಅರ್ಥ ದೊಡ್ಡದಿದ್ದರೆ ಮುಂದಿನ ಡೊಳ್ಳು ನನಗೇ ಕೊಡಬೇಕು" ಎಂದೂ ಸೇರಿಸಿದ. ಮುಂದಿನ ಡೊಳ್ಳು ನುಡಿದಂತೆಯೇ ಮೇಳವೆಲ್ಲ ಕುಣಿಯಬೇಕು. ಅದು ಸಣ್ಣ ಮಾತಲ್ಲ.

"ಆ ಪದವನ್ನು ಇಂಗ್ಲಿಷರಿಗೆ ಕೊಟ್ಟವನೇ ನಾನು" ಎಂದೆ. "ಒಬ್ಬ ದೊರೆ ನನ್ನ ಕುರಿಹಟ್ಟಿಗೆ ಬಂದು, ಕಂಡು, ಬೆರಗಾಗಿ, ಊರಿಗೆ ಹೊತ್ತುಕೊಂಡು ಹೋದ. ನೋಡಿದವರೆಲ್ಲ ಈಗ ಮಣ್ಣಾಗಿದ್ದಾರೆ. ಕೇಳು."

ನನ್ನ ಆ ಹಟ್ಟಿಯಲ್ಲಿ ಒಬ್ಬ ಕುರುಬನಿದ್ದ. ಅವನಲ್ಲಿ ಇದ್ದದ್ದು ಒಂದೇ ಗಂಟೆ. ಗಂಟೆ ಹೋದ ಕಡೆ ಹಿಂಡು ಹೋಗುತ್ತದೆ. ಅದನ್ನು ಅವನು ದೊಡ್ಡ ಕೊಂಬಿನ ಟಗರಿಗೆ ಕಟ್ಟಲಿಲ್ಲ. ಬೀಜ ಒಡೆಸಿದ ಒಂದು ಸಾಧು ಟಗರಿಗೆ ಕಟ್ಟಿದ. ಬೆಲ್ ಎಂದರೆ ಗಂಟೆ, ವೆದರ್ ಎಂದರೆ ಅಂಥ ಟಗರು.

ದಾರಿಯಲ್ಲಿ ಒಬ್ಬ ವ್ಯಾಪಾರಿ ನಕ್ಕ. "ಏನಯ್ಯಾ, ಮದುವೆ ಗಂಡನ್ನು ಬಿಟ್ಟು ಅಡುಗೆಯವನಿಗೆ ಬಾಸಿಂಗ ಕಟ್ಟಿದೆಯಲ್ಲ!"

"ನಾನು ಕೊಂಬು ನೋಡಿ ಕಟ್ಟಲಿಲ್ಲ ಸ್ವಾಮಿ, ಕಿವಿ ನೋಡಿ ಕಟ್ಟಿದೆ."

ಆ ದಿನವೇ ಹಳ್ಳ ದಾಟಬೇಕಾಯಿತು. ಆಚೆ ದಡದಲ್ಲಿ ಬೇರೆಯವರ ಹಿಂಡಿತ್ತು. ಅಲ್ಲಿನ ಟಗರನ್ನು ಕಂಡದ್ದೇ ತಡ, ಇವನ ಕೊಂಬಿನ ಟಗರು ಗುದ್ದಾಟಕ್ಕೆಂದು ನೀರಿಗೆ ನುಗ್ಗಿತು. ಮೇಲಿನಿಂದ ಕೆಂಪು ನೀರು ಬರುತ್ತಿತ್ತು. ಕುರುಬ ನಿಲ್ಲು ಎಂಬಂತೆ ಮೆಲ್ಲಗೆ ನಾಲಗೆಯಿಂದ ಲೊಚಗುಟ್ಟಿದ. ಗಂಟೆಯ ಟಗರು ಅದನ್ನು ಕೇಳಿ ನಿಂತಿತು. ಗಂಟೆ ನಿಂತಿತು, ಹಿಂಡೂ ನಿಂತಿತು. ನೀರು ಕೊಚ್ಚಿಕೊಂಡು ಹೋದದ್ದು ಕೊಂಬಿನ ಟಗರನ್ನು ಮಾತ್ರ.

"ಎಂಥ ಪ್ರಾಣಿ ಅಂತೀಯಾ!" ಎಂದೆ. "ದಡದಲ್ಲಿ ನಿಂತು ನೋಡುತ್ತಿದ್ದ ಆ ದೊರೆ ಟೋಪಿ ತೆಗೆದು ಅದಕ್ಕೆ ಕೈಮುಗಿದ. ನಮ್ಮ ಭಾಷೆಯಲ್ಲಿ ಇದಕ್ಕೊಂದು ಪದವಾದರೂ ಇರಲಿ ಎಂದು ಕಣ್ಣೀರಿಟ್ಟ."

ಮಾಳಿಂಗ ಆಗ ಮೊಬೈಲಿನಿಂದ ತಲೆ ಎತ್ತಿದ. "ಸಿಕ್ಕಿಬಿದ್ದಿರಿ ಅಜ್ಜಾ! ಈ ಪದಕ್ಕೆ ಆರುನೂರು ವರ್ಷ ದಾಟಿದೆ ಎಂದು ಇಲ್ಲಿದೆ. ನೀವು ಹುಟ್ಟಿದ್ದು ಯಾವಾಗ?"

ಹುಡುಗರೆಲ್ಲ ಕೇಕೆ ಹಾಕಿದರು. ನಾನು ಭುಜ ಹಾರಿಸಿದೆ.

"ಕೊಟ್ಟವನು ನಾನಲ್ಲದಿದ್ದರೆ ಬೇಡ ಬಿಡಪ್ಪಾ, ನಾನು ಕತೆ ಹೇಳುವಾಗ ನಿನ್ನ ಕಿವಿ ಎಲ್ಲಿತ್ತು, ಅದನ್ನು ಹೇಳಿ ಮುಂದಿನ ಡೊಳ್ಳು ಎತ್ತಿಕೋ."