ಉದ್ಧಾರವಾದ ಒಬ್ಬರು

ಬಡತನ ನಿವಾರಣೆಯ ಸಂಸ್ಥೆ ಕಟ್ಟಿದ ಪರಮಶಿವಯ್ಯನವರಿಗೆ ಸನ್ಮಾನ ನಿಗದಿಯಾಗಿತ್ತು. "ನನ್ನ ಮೂವತ್ತು ವರ್ಷದ ಸೇವೆಯಿಂದ ಉದ್ಧಾರವಾದ ಒಬ್ಬ ಬಡವನನ್ನು ನಾಳೆ ವೇದಿಕೆಗೆ ಕರಕೊಂಡು ಬಾ" ಎಂದು ಗುಮಾಸ್ತನಿಗೆ ಅಪ್ಪಣೆ ಮಾಡಿದರು.

ಗುಮಾಸ್ತ ಕಡತಗಳನ್ನೆಲ್ಲ ತಿರುವಿಹಾಕಿದ. ವರದಿಗಳಿದ್ದವು, ಸಮಿತಿಗಳಿದ್ದವು, ವಿಚಾರಸಂಕಿರಣಗಳಂತೂ ರಾಶಿ. ಬಡವ ಮಾತ್ರ ಎಲ್ಲೂ ಸಿಗಲಿಲ್ಲ. ಅವನಿಗೆ ದಿಕ್ಕೇ ತೋಚಲಿಲ್ಲ.

ಮರುದಿನ ಜರಿಪಂಚೆಯ ಜವರಪ್ಪನವರನ್ನು ಕರೆತಂದ. ಪರಮಶಿವಯ್ಯ ಕಕ್ಕಾಬಿಕ್ಕಿಯಾದರು.

"ಇವರು ನಮ್ಮ ವಿಚಾರಸಂಕಿರಣಗಳಿಗೆ ಊಟದ ಗುತ್ತಿಗೆ ಹಿಡಿಯುವವರಲ್ಲವೇನಯ್ಯಾ?"

"ಹೌದು ಸಾರ್. ಮೊದಲ ಸಲ ಪಾತ್ರೆ ಬಾಡಿಗೆಗೆ ತಂದಿದ್ದರು. ಈಗ ಸ್ವಂತ ಕಲ್ಯಾಣಮಂಟಪ ಇದೆ. ಎಲ್ಲ ನಿಮ್ಮ ಸೇವೆಯಿಂದಲೇ."

ಬೈಯಬೇಕೋ ಬೆನ್ನು ತಟ್ಟಬೇಕೋ ಪರಮಶಿವಯ್ಯನವರಿಗೆ ತಿಳಿಯಲಿಲ್ಲ. ದನಿ ತಗ್ಗಿಸಿ ಕೇಳಿದರು: "ಬೇರೆ ಯಾರೂ ಇಲ್ಲವೇನಯ್ಯಾ?"

"ಇದ್ದಾರೆ ಸಾರ್," ಎಂದ ಗುಮಾಸ್ತ. "ಶಾಮಿಯಾನದವರು."