ಗುಡದಪ್ಪ ಕಳ್ಳರ ಗಂಟೆ ಕಟ್ಟಿದ್ದು

ಹೂಂಗುಟ್ಟುವವರು ಮುಂದೆ ಬನ್ನಿ, ತೂಕಡಿಸುವವರು ಗೋಡೆಗೆ ಒರಗಿಕೊಳ್ಳಿ. ಇದು ಗುಡದಪ್ಪನ ಕತೆ.

ಒಂದು ನೇಕಾರರ ಊರು. ಆ ಊರಲ್ಲಿ ಕಾಶವ್ವ ಅಂತ ಒಬ್ಬಳು, ಅವಳಿಗೆ ಗುಡದಪ್ಪ ಅಂತ ಒಬ್ಬನೇ ಮಗ. ಮೀಸೆ ಬಂದಿತ್ತು, ಬುದ್ಧಿ ಇನ್ನೂ ದಾರಿಯಲ್ಲಿತ್ತು. ಆದರೆ ಹೇಳಿದ ಮಾತು ಮೀರಿದವನಲ್ಲ. ಉಪ್ಪಿಟ್ಟು ಕೈಯಾಡಿಸುತ್ತಿರು ಅಂತ ಹೇಳಿ ಅವ್ವ ನೀರಿಗೆ ಹೋದರೆ, ಉಪ್ಪಿಟ್ಟು ಬೆಂದು, ಸೀದು, ಒಲೆ ಆರಿ ಬೂದಿಯಾದರೂ ಕೈಯಾಡಿಸುತ್ತಲೇ ಇರುವವನು. ಅಂಥ ವಿಧೇಯ ಮಗ ನಿಮ್ಮಲ್ಲಿ ಯಾರಿಗಿದ್ದಾನೆ, ಹೇಳಿ ನೋಡೋಣ.

ಕಾಶವ್ವನಿಗೆ ಒಂದೇ ಚಿಂತೆ. ತಾನು ಕಣ್ಣು ಮುಚ್ಚುವುದರೊಳಗೆ ಮಗ ಒಂದು ಕೆಲಸ ಕಲಿತು ತನ್ನ ರೊಟ್ಟಿ ತಾನು ದುಡಿಯಬೇಕು. ಮಗ್ಗಕ್ಕೆ ಕೂರಿಸಿದಳು, ನೂಲೆಲ್ಲ ಹರಿದಿಟ್ಟ. ಅಂಗಡಿಗೆ ಹಾಕಿದಳು, ಕೇಳಿದವರಿಗೆಲ್ಲ ಸಾಮಾನು ಸುಮ್ಮನೆ ಕೊಟ್ಟುಬಿಟ್ಟ. ಕೊನೆಗೆ ಅವನ ಕೈ ಹಿಡಿದು ದಾವಲಸಾಬನ ಹತ್ತಿರ ಕರೆದುಕೊಂಡು ಹೋದಳು.

ದಾವಲಸಾಬನ ತಲೆಗೆ ನಾನು ಈಗಲೂ ಕೈ ಮುಗಿಯುತ್ತೇನೆ. ಕೆಟ್ಟ ರೇಡಿಯೋ, ಹಳೆಯ ಆಟೋ ಹಾರ್ನು, ಸೈಕಲ್ ಗಂಟೆ, ಏನು ಕೊಟ್ಟರೂ ಅದರಿಂದ ಮನೆ ಕಾಯುವ ಯಂತ್ರ ಮಾಡುತ್ತಿದ್ದ. ಊರವರು ಅದಕ್ಕೆ ಕಳ್ಳರ ಗಂಟೆ ಅನ್ನುತ್ತಿದ್ದರು. ಅವನ ಗಂಟೆ ಇದ್ದ ಮನೆಯಲ್ಲಿ ಯಜಮಾನ ಗೊರಕೆ ಹೊಡೆದು ಮಲಗುತ್ತಿದ್ದ.

"ದಾವಲಣ್ಣಾ, ಇವಗ ನಿನ್ನ ಕೆಲಸ ಕಲಿಸು. ನಿನ್ನ ಬಿಟ್ಟರ ನನಗ ಯಾರೂ ಇಲ್ಲ" ಅಂದಳು ಕಾಶವ್ವ.

"ಕಲಿಸೂಣ ತಂಗಿ. ಹೇಳಿದ್ದು ಮಾಡ್ತಾನಿಲ್ಲೊ?"

"ಅದನ್ನಷ್ಟ ಮಾಡ್ತಾನ" ಅಂತ ಹೇಳಿ ಕಾಶವ್ವ ನಿಟ್ಟುಸಿರು ಬಿಟ್ಟಳು.

ಮೊದಲ ಕೆಲಸ ಸೀರೆ ಸಾವ್ಕಾರನ ಮನೆಯಲ್ಲಿ. ಹೊಸ್ತಿಲಿಗೆ ಅಡ್ಡ ಒಂದು ಸಣ್ಣ ದಾರ, ದಾರದ ತುದಿಗೆ ಮೇಲೆ ಹರಳು ತುಂಬಿದ ಡಬ್ಬಿ. ಕಾಲು ತಾಗಿದರೆ ಡಬ್ಬಿ ಕೆಳಗೆ. ಎಷ್ಟು ಸರಳ, ಎಷ್ಟು ಚೆಂದ!

"ದಾರ ಕಟ್ಟು. ಯಾರ ದಾಟಲಿ, ಡಬ್ಬಿ ಬೀಳಬೇಕು" ಅಂತ ಹೇಳಿ ದಾವಲಸಾಬ ಚಹಾಕ್ಕೆ ಹೋದ.

ಗುಡದಪ್ಪ ಕಟ್ಟಿದ. ಅಷ್ಟರಲ್ಲಿ ಸಾವ್ಕಾರನ ಮಗಳನ್ನು ನೋಡಲು ಬೀಗರು ಬಂದರು. ಗುಡದಪ್ಪ ವಿನಯದಿಂದ ಪಕ್ಕಕ್ಕೆ ಸರಿದು ದಾರಿ ಬಿಟ್ಟ. ಹಿರಿಯ ಬೀಗರು ಬಲಗಾಲಿಟ್ಟು ಒಳಗೆ ಬಂದರು, ಡಬ್ಬಿ ಅವರ ರುಮಾಲಿನ ಮೇಲೆ ಬಿತ್ತು, ಹರಳೆಲ್ಲ ಅಂಗಿಯೊಳಗೆ ಇಳಿದವು. ಬೀಗರು ಬಂದ ದಾರಿಗೆ ಸುಂಕವಿಲ್ಲ ಅಂತ ತಿರುಗಿ ಹೋದರು.

"ಏ ಮಂಗ್ಯಾ, ಮನಿಗೆ ಬಂದವರಿಗೆ ಹಿಂಗ ಮಾಡ್ತಾರೇನು?" ಅಂತ ದಾವಲಸಾಬ ಬೈದ. "ಯಾರರ ಬಂದರ ಗಂಟಿ ಬಂದ್ ಮಾಡಬೇಕು. ಕಾಲಿಗೆ ನೀರು ಕೊಡಬೇಕು, ಬಾಯಿಗೆ ಬೆಲ್ಲ ಕೊಡಬೇಕು. ಯಾವೂರು, ಯಾರ ಪೈಕಿ ಅಂತ ಕೇಳಬೇಕು. ತಿಳೀತೊ?"

"ತಿಳೀತು ಕಾಕಾ. ಇನ್ನ ಮ್ಯಾಲ ಹಂಗ ಮಾಡ್ತೇನಿ."

ಎರಡನೆಯ ಕೆಲಸ ಹತ್ತಿಕಾಳಿನ ಗೋದಾಮಿನಲ್ಲಿ. ಈ ಸಲ ದಾರ ಇಲ್ಲ, ಡಬ್ಬಿ ಇಲ್ಲ. ಈ ಕಂಬದಿಂದ ಆ ಕಂಬಕ್ಕೆ ಕಣ್ಣಿಗೆ ಕಾಣದ ಬೆಳಕಿನ ಗೆರೆ. ಗೆರೆ ಕಡಿದರೆ ಸಾಕು, ಆಟೋ ಹಾರ್ನು ಬಾಯಿ ಬಿಡುತ್ತಿತ್ತು. ಗಾಳಿಯಲ್ಲಿ ಬೇಲಿ ಹಾಕಿದ ಮನುಷ್ಯನನ್ನು ಏನೆಂದು ಹೊಗಳಲಿ? ಗುಡದಪ್ಪನನ್ನು ಕಾವಲಿಗೆ ಬಿಟ್ಟು ದಾವಲಸಾಬ ಊಟಕ್ಕೆ ಹೋದ.

ಒಂದು ಬೀಡಾಡಿ ಹೋರಿ ಬಂತು. ಹಾರ್ನು ಕೂಗಿತು. ಗುಡದಪ್ಪ ಓಡಿ ಹೋಗಿ ಗಂಟೆ ಬಂದ್ ಮಾಡಿದ. ಚರಿಗೆಯಲ್ಲಿ ನೀರು ತಂದು ಹೋರಿಯ ಕಾಲಿಗೆ ಹಾಕಿದ, ನಾಲ್ಕೂ ಕಾಲಿಗೆ. ಬೆಲ್ಲ ತಂದು ಬಾಯಿಗೆ ಕೊಟ್ಟ. ಎದುರು ಕೂತು ಕೇಳಿದ: "ಯಾವೂರ್ರಿ? ಯಾರ ಪೈಕಿ?"

ಹೋರಿ ಬೆಲ್ಲ ತಿಂದು ಚೀಲಕ್ಕೆ ಬಾಯಿ ಹಾಕಿತು.

"ಅವಸರ ಇಲ್ಲರಿ. ಉಂಡು ಹೇಳ್ರಿ" ಅಂದ ಗುಡದಪ್ಪ.

ದಾವಲಸಾಬ ಬಂದಾಗಲೂ ಹೋರಿ ಉಣ್ಣುತ್ತಲೇ ಇತ್ತು, ಗುಡದಪ್ಪ ಕೇಳುತ್ತಲೇ ಇದ್ದ.

"ಹುಚ್ಚಪ್ಯಾಲಿ! ಒಳಗ ಹೊಕ್ಕವರಿಗೆ ಉಪಚಾರ ಮಾಡ್ತಿ ಏನು? ಗಂಟಿ ಆತಂದ್ರ ಬಾಗಲಾ ಹಾಕು, ಹೊರಗಿಂದ ಚಿಲಕ ಜಡಿ, ಒಳಗಿದ್ದವರು ಒಳಗ ಇರಲಿ. ಆಮ್ಯಾಲ ನನ್ನ ಕರಿ."

"ಆತು ಕಾಕಾ. ಇನ್ನ ಮ್ಯಾಲ ಹಂಗ ಮಾಡ್ತೇನಿ."

ಮೂರನೆಯ ಕೆಲಸ ಮದುವೆ ಮಂಟಪದ ಅಡುಗೆಮನೆಯಲ್ಲಿ. ಕಳ್ಳನಿಗಿಂತ ಬೆಂಕಿ ದೊಡ್ಡ ಕಳ್ಳ, ಉಪ್ಪಿನಕಾಯಿ ಭರಣಿಯನ್ನೂ ಬಿಡುವುದಿಲ್ಲ ಅನ್ನುತ್ತಿದ್ದ ದಾವಲಸಾಬ. ಅದಕ್ಕೆ ಹೊಗೆಯ ವಾಸನೆ ಹಿಡಿಯುವ ಗಂಟೆ ಮಾಡಿದ್ದ. ಮೂಗಿಲ್ಲದ ಯಂತ್ರಕ್ಕೆ ಮೂಗು ಕೊಟ್ಟ ಪುಣ್ಯಾತ್ಮ.

ಅಡುಗೆಯವರು ಒಗ್ಗರಣೆಗೆ ಒಣ ಮೆಣಸಿನಕಾಯಿ ಹಾಕಿದರು. ಬಾಣಲೆ ಹೊತ್ತಿಕೊಂಡಿತು, ಹೊಗೆ ಎದ್ದಿತು, ಗಂಟೆ ಬಡಿಯಿತು. ಎಲ್ಲರೂ ಬಾಗಿಲಿಗೆ ಓಡಿ ಬಂದರು. ಅವರಿಗಿಂತ ಮೊದಲು ಗುಡದಪ್ಪ ಬಂದು ಬಾಗಿಲು ಹಾಕಿ ಚಿಲಕ ಜಡಿದ.

"ಬಾಗಲಾ ತೆಗಿಯೋ, ಸಾಯ್ತೇವಿ!"

"ಒಳಗ ಇರ್ರಿ. ಕಾಕಾನ ಕರಕೊಂಡು ಬರ್ತೇನಿ" ಅಂತ ಹೇಳಿ ಊರ ಆ ತುದಿಗೆ ನಡೆದುಕೊಂಡು ಹೋದ. ಓಡು ಅಂತ ಯಾರೂ ಹೇಳಿರಲಿಲ್ಲವಲ್ಲ. ಅಡುಗೆಯವರು ಕೆಮ್ಮುತ್ತ, ಸೀನುತ್ತ, ಕಿಟಕಿ ಸರಳು ಕಿತ್ತು ಹೊರಗೆ ಬಿದ್ದರು. ದೇವರು ದೊಡ್ಡವನು, ಯಾರಿಗೂ ಏನೂ ಆಗಲಿಲ್ಲ.

ದಾವಲಸಾಬ ತಲೆ ಮೇಲೆ ಕೈ ಹೊತ್ತು ಕೂತ. "ನಾಳಿಂದ ಬರಬ್ಯಾಡ" ಅಂದ. ಕಾಶವ್ವ ಓಡಿ ಬಂದು ಸೆರಗೊಡ್ಡಿದಳು.

"ಇದೊಂದು ಸಲ, ಅಣ್ಣಾ. ಇಲ್ಲಿ ಬಿಟ್ಟರ ಇವಗ ಮುಂದ ಬಾಗಲಾ ಇಲ್ಲ. ನಾ ಸತ್ತರ ಇವ ಬೀದ್ಯಾಗ ನಿಲ್ತಾನ."

ದಾವಲಸಾಬನ ಮನಸ್ಸು ಕರಗಿತು. "ಇದ ಕಡೀದು, ತಂಗಿ" ಅಂತ ಹೇಳಿ ಗುಡದಪ್ಪನ ಕಡೆ ತಿರುಗಿದ. "ಕೇಳು. ಗಂಟಿ ಆತಂದ್ರ ಮೊದಲ ಬಾಗಲಾ ತೆಗಿ. ಒಳಗಿದ್ದವರನ್ನ ಜ್ವಾಕಿಲೆ ಹೊರಗ ತಾ. ತಂದು ಮ್ಯಾಲ ನೀರು ಸುರುವು."

"ಆತು ಕಾಕಾ. ಇನ್ನ ಮ್ಯಾಲ ಹಂಗ ಮಾಡ್ತೇನಿ."

ನಾಲ್ಕನೆಯ ಕೆಲಸ ಪತ್ತಾರ ಮೌನೇಶಪ್ಪನ ಬಂಗಾರದ ಅಂಗಡಿಯಲ್ಲಿ. ದಾವಲಸಾಬ ತನ್ನ ವಿದ್ಯೆಯನ್ನೆಲ್ಲ ಧಾರೆ ಎರೆದು ಕಟ್ಟಿದ ಯಂತ್ರ ಅದು. ಪೆಟ್ಟಿಗೆ ಮುಟ್ಟಿದರೆ ಸೈರನ್ ಕೂಗುತ್ತಿತ್ತು, ಅಷ್ಟೇ ಅಲ್ಲ, ಅಂಗಡಿಯ ಬಾಗಿಲು ತಾನಾಗಿ ಬಂದು ಧಡ್ ಅಂತ ಬೀಳುತ್ತಿತ್ತು. ಕಳ್ಳನನ್ನು ಯಾರೂ ಹಿಡಿಯಬೇಕಿಲ್ಲ, ಅಂಗಡಿಯೇ ಹಿಡಿಯುತ್ತಿತ್ತು. ನೋಡಿದವರು ಬಾಯಿ ಮೇಲೆ ಬೆರಳಿಟ್ಟರು.

ಮಧ್ಯಾಹ್ನ ಪತ್ತಾರ ಊಟಕ್ಕೆ ಹೋದ. ಗುಡದಪ್ಪ ಎದುರಿನ ಕಟ್ಟೆಯ ಮೇಲೆ ಕಾವಲು ಕೂತ. ಒಬ್ಬ ಬಿಳಿ ಅಂಗಿಯವನು ಬಂದು, ಒಳಗೆ ನುಗ್ಗಿ, ಪೆಟ್ಟಿಗೆಗೆ ಕೈ ಹಾಕಿದ. ಸೈರನ್ ಕೂಗಿತು, ಬಾಗಿಲು ಬಿತ್ತು, ಕಳ್ಳ ಒಳಗೇ ಉಳಿದ. ಯಂತ್ರ ತನ್ನ ಕೆಲಸ ಪೂರಾ ಮಾಡಿತ್ತು.

ಗುಡದಪ್ಪನೂ ತನ್ನ ಕೆಲಸ ಮಾಡಬೇಕಲ್ಲ? ಓಡಿ ಹೋಗಿ ಬಾಗಿಲು ತೆಗೆದ. "ಜ್ವಾಕಿರಿ, ಹೊಸ್ತಿಲಾ ಐತಿ" ಅಂತ ಕಳ್ಳನ ಕೈ ಹಿಡಿದು ಹೊರಗೆ ತಂದ. ನೀರು ಹುಡುಕಿದ. ನೀರಿರಲಿಲ್ಲ. ಪಕ್ಕದ ಅಂಗಳದಲ್ಲಿ ನೂಲಿಗೆ ಹಾಕಲು ಒಂದು ಕೊಡದಲ್ಲಿ ನೀಲಿ ಬಣ್ಣ ಕದಡಿಟ್ಟಿದ್ದರು. ಆ ಕೊಡವನ್ನೇ ಎತ್ತಿ ತಂದು, ಏನಾಗುತ್ತಿದೆ ಅಂತ ತಿಳಿಯದೆ ನಿಂತಿದ್ದ ಕಳ್ಳನ ನೆತ್ತಿಯ ಮೇಲೆ ಸುರುವಿದ. ಕಳ್ಳ ಕೈಗೆ ಸಿಕ್ಕ ಸರ ಹಿಡಿದುಕೊಂಡೇ ಪರಾರಿಯಾದ.

ಸುದ್ದಿ ಕೇಳಿ ದಾವಲಸಾಬ ಬಂದ, ಪತ್ತಾರ ಬಂದ, ಕಾಶವ್ವ ಬಂದಳು. ಈ ಸಲ ಅವಳು ಸೆರಗೊಡ್ಡಲಿಲ್ಲ, ಸೆರಗನ್ನು ಬಾಯಿಗಿಟ್ಟುಕೊಂಡು ಅತ್ತಳು. ಮಗನ ಕೈ ಹಿಡಿದು ಮನೆಗೆ ಹೊರಟಳು.

ಅಷ್ಟರಲ್ಲಿ ಬಸ್‌ಸ್ಟ್ಯಾಂಡಿನ ಕಡೆಯಿಂದ ಗದ್ದಲ. ನೀಲಿ ಮುಖ, ನೀಲಿ ಕಿವಿ, ನೀಲಿ ಅಂಗಿಯ ಒಬ್ಬನನ್ನು ಜನ ಹಿಡಿದುಕೊಂಡು ಬರುತ್ತಿದ್ದರು. ನಳದ ಕೆಳಗೆ ಕೂತು ತಿಕ್ಕಿದ್ದೇ ತಿಕ್ಕಿದ್ದಂತೆ, ತಿಕ್ಕಿದಷ್ಟೂ ಬಣ್ಣ ಹರಡಿತ್ತಂತೆ. ನೇಕಾರರ ಊರಿನ ಬಣ್ಣ ಸುಮ್ಮನೆ ಹೋಗುತ್ತದೆಯೆ? ಕಿಸೆಯಲ್ಲಿದ್ದ ಸರವೂ ನೀಲಿಯಾಗಿತ್ತು.

ದಾವಲಸಾಬ ಆ ಕಳ್ಳನನ್ನು ನೋಡಿದ. ಗುಡದಪ್ಪನನ್ನು ನೋಡಿದ. ಮತ್ತೆ ಕಳ್ಳನನ್ನು ನೋಡಿದ.

"ಸೈರನ್ ಕೂಗೂದು ಓಣಿ ತನಕ. ಬಣ್ಣ ಕಳ್ಳನ ಕೂಡ ಊರ ದಾಟಿ ಹೋಗತೈತಿ" ಅಂದ. "ಇದು ನನ್ನ ತಲ್ಯಾಗ ಹೊಳೀಲಿಲ್ಲಲ್ಲೋ, ಗುಡದಪ್ಪಾ!"

ಮನೆಗೆ ಹೋದವನೇ ಕೂತು ಒಂದು ಸಣ್ಣ ಪೆಟ್ಟಿಗೆ ಮಾಡಿದ. ಒಳಗೆ ರಬ್ಬರಿನ ಚೀಲ, ಚೀಲದ ತುಂಬ ನೀಲಿ ಬಣ್ಣ, ಹೊರಗೆ ಕೂದಲೆಳೆಯಂಥ ತಂತಿ. ಸ್ವಿಚ್ಚು ಹಾಕಿದ ಮೇಲೆ ತಂತಿ ಜಗ್ಗಿದರೆ ಸೈರನ್ನೂ ಕೂಗಬೇಕು, ಬಣ್ಣವೂ ಹಾರಬೇಕು. ಅಂಥ ಯಂತ್ರ ಆ ಸೀಮೆಯಲ್ಲಿ ಇರಲಿಲ್ಲ. ಗುಡದಪ್ಪನನ್ನು ಕರೆದು ಕೈಗೆ ಕೊಟ್ಟ.

"ಇನ್ನ ಮ್ಯಾಲ ನೀ ನನ್ನ ಪಾಲುಗಾರ. ಮೊದಲನೇ ಪೆಟಗಿ ನಿಂದು. ನಿಮ್ಮ ಮನ್ಯಾಗ ಎಲ್ಲಾಕ್ಕಿಂತ ಬೆಲೆಬಾಳೂದು ಯಾವುದೈತಿ, ಅದಕ್ಕ ಕಟ್ಟು. ಗೊತ್ತಾಗದಿದ್ದರ ನಿಮ್ಮವ್ವನ ಕೇಳು."

"ಆತು ಕಾಕಾ."

ಕಾಶವ್ವ ರೊಟ್ಟಿ ಬಡಿಯುತ್ತಿದ್ದಳು. ಮಗ ಬಂದು ಪಾಲುಗಾರನಾದ ಸುದ್ದಿ ಹೇಳಿದ. ಅವಳಿಗೆ ನಂಬಿಕೆ ಬರಲಿಲ್ಲ. ಎರಡನೆಯ ಸಲ ಹೇಳಿಸಿದಳು. ಕಣ್ಣು ತುಂಬಿ ಬಂದವು.

"ಯವ್ವಾ, ನಮ್ಮ ಮನ್ಯಾಗ ಎಲ್ಲಾಕ್ಕಿಂತ ಬೆಲೆಬಾಳೂದು ಯಾವುದು?"

"ಏನೈತಿ ನಮ್ಮ ಮನ್ಯಾಗ? ನೀನ ಅಲ್ಲೇನೋ, ನನ್ನ ಬಂಗಾರಾ."

ಗುಡದಪ್ಪ ಹೂಂ ಅಂದ. ಒಳಗೆ ಹೋದ. ಪೆಟ್ಟಿಗೆಯನ್ನು ತನ್ನ ಎದೆಗೆ ಬಿಗಿಯಾಗಿ ಕಟ್ಟಿಕೊಂಡ. ತಂತಿಯನ್ನು ಕೊರಳಿಗೆ, ಕಿವಿಗೆ, ತಲೆಗೆ ಸುತ್ತಿಕೊಂಡ. ಅಂಗಿ ತೊಟ್ಟು, ಸ್ವಿಚ್ಚು ಹಾಕಿ ಬಂದು ಊಟದ ಗಂಗಾಳದ ಮುಂದೆ ಕೂತ.

ಕಾಶವ್ವ ರೊಟ್ಟಿ ಬಡಿಸಿದಳು. ಮಗನ ಮುಖ ನೋಡಿದಳು. ಊರವರ ದೃಷ್ಟಿ ಬಿದ್ದೀತು ಅನ್ನಿಸಿತು. ಎರಡೂ ಕೈಯಿಂದ ಅವನ ಕೆನ್ನೆ ಸವರಿ ಲಟಿಕೆ ಮುರಿಯಲು ಹೋದಳು.

ಸೈರನ್ ಕೂಗಿತು. ಅವ್ವ ನೀಲಿ, ಮಗ ನೀಲಿ, ರೊಟ್ಟಿ ನೀಲಿ, ಗೋಡೆ ನೀಲಿ. ಮಗ್ಗ ಬಿಟ್ಟು ಓಣಿಗೆ ಓಣಿಯೇ ಬಾಗಿಲಿಗೆ ಬಂದು ನಿಂತಿತು. ದಾವಲಸಾಬನೂ ಬರಿಗಾಲಲ್ಲಿ ಓಡಿ ಬಂದ.

ಗುಡದಪ್ಪ ಅವ್ವನ ರಟ್ಟೆ ಗಟ್ಟಿಯಾಗಿ ಹಿಡಿದು ಎದ್ದು ನಿಂತ. "ಕಾಕಾ, ಕಳ್ಳರು ಸಿಕ್ಕಾರ. ನಮ್ಮವ್ವ!"

ಎಲ್ಲರೂ ಕಾಶವ್ವನ ಬೈಗುಳಕ್ಕೆ ಕಾದರು. ಅವಳು ಕಣ್ಣೊಳಗಿನ ನೀಲಿ ಒರೆಸಿಕೊಂಡು, ಓಣಿಯವರೆಲ್ಲರ ಮುಂದೆ ತಲೆ ಎತ್ತಿ ನಿಂತಳು.

"ಖರೇ ಐತ್ರಿ. ಕಳ್ಳರನ್ನ ನನ್ನ ಮಗ ಹಿಡದಾನ" ಅಂದಳು.